ಅಂಬುಬಾಯಿ ಹೊಲಿದ ಗಾಳಿಚೀಲ

ವಿಮಾನ ಬಿದ್ದದ್ದು ಸಂಕ್ರಾಂತಿ ಮುಗಿದ ಮೂರನೆಯ ದಿನ. ಬಿದ್ದದ್ದು ಎಂದು ಊರು ಹೇಳುತ್ತದೆ, ಊರಿಗೇನು, ಬಾಯಿಗೆ ಬಂದದ್ದು ಹೇಳುತ್ತದೆ. ಅದು ಬೀಳಲಿಲ್ಲ. ನೆಟ್ಟಗೆ ಇಳಿಯಿತು, ಗಾಲಿ ನೆಲಕ್ಕೆ ಹತ್ತಿತು, ಆದರೆ ನಿಲ್ಲಲಿಲ್ಲ. ವಿಮಾನ ಇಳಿಯುವ ಪಟ್ಟಿಯ ಉದ್ದಕ್ಕೂ ಓಡಿ, ಪಟ್ಟಿ ಮುಗಿದ ಮೇಲೂ ಓಡಿ, ಬಕ್ಕಪ್ಪ ಸಾವಕಾರನ ಹೊಲದ ಒಡ್ಡಿಗೆ ಮೂತಿ ಗುದ್ದಿಕೊಂಡು ಬಾಲ ಮೇಲೆ ಮಾಡಿ ನಿಂತಿತು. ಅಂಬುಬಾಯಿ ಅದನ್ನು ತನ್ನ ಅಂಗಳದಿಂದ ಕಣ್ಣಾರೆ ಕಂಡಳು. ಕೈಯಲ್ಲಿ ಮೊರ ಇತ್ತು, ಮೊರದಲ್ಲಿ ಕಡಲೆ ಇತ್ತು. ಎರಡೂ ಎಲ್ಲಿ ಹೋದವೋ ಅವಳಿಗೆ ಆಮೇಲೆ ನೆನಪಿಲ್ಲ.

ಅರವತ್ತಾರು ವರ್ಷದ ಮುದುಕಿ, ಮೊಣಕಾಲು ನೋವು ಬೇರೆ, ಆದರೂ ಎಲ್ಲರಿಗಿಂತ ಮೊದಲು ಓಡಿ ಮುಟ್ಟಿದವಳು ಅವಳೇ. ಹಿಂದಿನಿಂದ ಬಕ್ಕಪ್ಪ ಬಂದ. ಇಬ್ಬರೂ ಸೇರಿ ಬಾಗಿಲು ಎಳೆದು ಒಳಗಿದ್ದವಳನ್ನು ಹೊರಗೆ ತಂದರು. ಇಪ್ಪತ್ತೆರಡರ ಹುಡುಗಿ, ಬಿಳಿ ಅಂಗಿ, ಹೆಗಲ ಮೇಲೆ ಪಟ್ಟೆ. ಬಲಗಾಲು ಮುರಿದು ಅಡ್ಡ ತಿರುಗಿತ್ತು. ಅಳಲಿಲ್ಲ. ಅಂಬುಬಾಯಿಯ ತೊಡೆಯ ಮೇಲೆ ತಲೆ ಇಟ್ಟು, ಪಟ್ಟಿಯ ಬದಿಯ ಕಂಬದ ಕಡೆ ಕೈ ಮಾಡಿ, "ಚೀಲ ನೋಡೇ ಇಳಿಸೀನಿ ಆಯಿ. ಬರಾಬ್ಬರಿ ನೋಡೀನಿ," ಅಂದಳು.

ಅಂಬುಬಾಯಿ ತಲೆ ಎತ್ತಿ ಕಂಬದ ತುದಿ ನೋಡಿದಳು. ಅಲ್ಲಿ ಕೆಂಪು ಬಿಳಿ ಪಟ್ಟೆಯ ಗಾಳಿಚೀಲ ಹುಮನಾಬಾದಿನ ಕಡೆಗೆ, ಅಂದರೆ ಮೂಡಲಕ್ಕೆ, ಸೆಟೆದು ನಿಂತಿತ್ತು. ಆಮೇಲೆ ಬಕ್ಕಪ್ಪನ ಕಣದ ಕಡೆ ನೋಡಿದಳು. ಆಳುಗಳು ಗಾಬರಿಯಲ್ಲಿ ಬಿಟ್ಟುಬಂದ ತೊಗರಿ ಹೊಟ್ಟು ಎದ್ದು ಪಡುವಲಕ್ಕೆ ಹಾರುತ್ತಿತ್ತು. ಅವಳ ಎದೆ ಧಸಕ್ಕೆಂದಿತು.

ಇಷ್ಟಕ್ಕೆ ಯಾಕೆ ಎದೆ ಧಸಕ್ಕೆನ್ನಬೇಕು ಎಂದು ಕೇಳುವವರಿಗೆ ಈ ಪಟ್ಟಿಯ ಕಥೆ ಹೇಳಲೇಬೇಕು. ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ, ಹೈವೇಯಿಂದ ಎರಡು ಫರ್ಲಾಂಗು ಒಳಗೆ, ಮೂಡಲಿಂದ ಪಡುವಲಕ್ಕೆ ಚಾಚಿದ ಗಟ್ಟಿ ಮುರುಮು ಮಣ್ಣಿನ ಬಯಲು ಅದು. ಎಪ್ಪತ್ತರ ದಶಕದಲ್ಲಿ ಬೆಳೆಗೆ ವಿಮಾನದಿಂದ ಔಷಧಿ ಹೊಡೆಯುವ ಕಂಪನಿಯೊಂದು ಮಾಡಿಸಿದ್ದು. ಅಂಬುಬಾಯಿಯ ಗಂಡ ಮಚ್ಚೇಂದ್ರ ಅಲ್ಲಿನ ಚೌಕೀದಾರ. ಬರೀ ಚೌಕೀದಾರ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಪಟ್ಟಿಯ ಮೇಲಿನ ಕಲ್ಲು ಆರಿಸುವವನು ಅವನು, ದನ ಓಡಿಸುವವನು ಅವನು, ವಿಮಾನ ಔಷಧಿ ಸುರಿಯುವಾಗ ಹೊಲದ ತುದಿಗೆ ಬಿಳಿ ಝಂಡಾ ಹಿಡಿದು ನಿಂತು ಪೈಲಟ್ಟಿಗೆ ಸಾಲು ತೋರಿಸುವವನೂ ಅವನೇ. ತಲೆಯ ಮೇಲೆ ತೆಂಗಿನಮರದೆತ್ತರಕ್ಕೆ ವಿಮಾನ ಗುಂಯ್ ಎಂದು ಹೋಗುತ್ತಿದ್ದರೆ ಅವನು ಕದಲುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಅಂಗಿಯೆಲ್ಲ ಔಷಧಿ ವಾಸನೆ. ಹೊಸ ಮದುವಣಗಿತ್ತಿ ಅಂಬುಬಾಯಿ ಸೆರಗು ಮೂಗಿಗೆ ಇಟ್ಟುಕೊಂಡೇ ಬಿಸಿನೀರು ಹಾಕುತ್ತಿದ್ದಳು. ಈಗ ಆ ವಾಸನೆ ಎಲ್ಲಿಯಾದರೂ ಬಂದರೆ ಸಾಕು, ಎಷ್ಟು ಹೊತ್ತಾದರೂ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ.

ಎಂಥಾ ದಿನಗಳು ಅವು. ಅನೀಲಕುಮಾರ ಎಂಬ ಕ್ಯಾಪ್ಟನ್ನರು ಇದ್ದರು. ಹಳದಿ ವಿಮಾನ ನಿಲ್ಲಿಸಿ ನೇರ ಇವರ ಮನೆಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಕೇಳಿ ಹಾಕಿಸಿಕೊಂಡು ಉಣ್ಣುವವರು. ಆ ಕಾಲದಲ್ಲಿ ಇವರ ಓಣಿಯ ನೀರು ಮುಟ್ಟದವರು ಊರ ತುಂಬಾ ಇದ್ದರು, ಆದರೆ ಮುಗಿಲಿನಿಂದ ಇಳಿದು ಬಂದ ಮನುಷ್ಯ ಇವರ ಚಾಪೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದ. ಒಮ್ಮೆ ಅವರು ಅಂಬುಬಾಯಿಯನ್ನು ವಿಮಾನದಲ್ಲಿ ಕೂರಿಸಿ, "ಒಂದು ಸುತ್ತು ತಿರುಗಿಸಿಕೊಂಡು ಬರಲೇ ಬಾಯಿ?" ಎಂದು ಕೇಳಿದ್ದರು. ಅವಳು ಹೆದರಿ ಇಳಿದುಬಿಟ್ಟಳು. ಮಚ್ಚೇಂದ್ರ ಅದನ್ನು ಹೇಳಿ ಹೇಳಿ ನಲವತ್ತು ವರ್ಷ ನಕ್ಕ. ಸುತ್ತು ಹೋಗಿ ಬಂದಿದ್ದರೆ ಅವನಿಗೆ ನಗಲು ಏನು ಸಿಗುತ್ತಿತ್ತು, ನೀವೇ ಹೇಳಿ.

ಇನ್ನು ಗಾಳಿಚೀಲ. ಕಂಬದ ತುದಿಗೆ ಸುತ್ತಲೂ ತಿರುಗುವ ಒಂದು ಕಬ್ಬಿಣದ ಬಳೆ, ಬಳೆಗೆ ಹೊಲಿದ ಉದ್ದ ಚೀಲ. ಅಂಗಿಯ ತೋಳಿನಂತೆ ಎರಡೂ ಕಡೆ ಬಾಯಿ. ಮೂಡಲ ಗಾಳಿ ಬಂದರೆ ಪಡುವಲಕ್ಕೆ ಉಬ್ಬುತ್ತದೆ, ಪಡುವಲ ಗಾಳಿ ಬಂದರೆ ಮೂಡಲಕ್ಕೆ. ಪೈಲಟ್ಟು ಮೇಲಿನಿಂದ ಅದನ್ನು ನೋಡಿ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿ ಬೆನ್ನಿಗೆ ಬಿತ್ತೋ, ವಿಮಾನ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಪ್ರತಿ ವರ್ಷ ದಸರೆಯ ಮುಂಚೆ ಹೊಸ ಚೀಲ ಹೊಲಿಯುವ ಕೆಲಸ ಅಂಬುಬಾಯಿಯದು. ಮೊದಲು ಕೈಹೊಲಿಗೆ, ಆಮೇಲೆ ಮಿಷನ್ನು. ಮಚ್ಚೇಂದ್ರ ಬೆಳಿಗ್ಗೆ ಎದ್ದವನೇ, ಚಹಾಕ್ಕೂ ಮುಂಚೆ, ಅಂಗಳಕ್ಕೆ ಹೋಗಿ ಚೀಲ ನೋಡಿ, "ಇವತ್ತ ಮೂಡಲ ಹವಾ ನೋಡ, ಚೀಲದ ಎರಡು ಪಟ್ಟೆ ತುಂಬ್ಯಾವ," ಎಂದು ಹೆಂಡತಿಗೆ ವರದಿ ಕೊಡುವನು. ವಿಮಾನ ಬರಲಿ ಬಿಡಲಿ, ವರದಿ ತಪ್ಪಲಿಲ್ಲ.

ತೊಂಬತ್ತರ ಆಚೆ ಈಚೆ ಕಂಪನಿ ಬಾಗಿಲು ಹಾಕಿತು. ವಿಮಾನ ನಿಂತವು. ಎಲೆಕ್ಷನ್ನಿನಲ್ಲಿ ಒಂದೆರಡು ಹೆಲಿಕಾಪ್ಟರ್ ಬಂದವು, ಆಮೇಲೆ ಅವೂ ಬೇರೆ ಜಾಗ ನೋಡಿಕೊಂಡವು. ಮಚ್ಚೇಂದ್ರ ಮಾತ್ರ ಪಟ್ಟಿ ಕಾಯುವುದನ್ನು ಬಿಡಲಿಲ್ಲ. ಮಂದಿ ಹುಚ್ಚ ಅಂದರು. "ನಾ ನಿಂತ ಪಟ್ಟಿ ಮ್ಯಾಲ ಒಂದು ಇಮಾನಕ್ಕೂ ಗೀರು ಬಿದ್ದಿಲ್ಲ. ನಾಳಿ ಯಾವುದರ ಬಂದ್ರ ಯಾರ್ ಜವಾಬದಾರಿ?" ಎನ್ನುತ್ತಿದ್ದ. ಅವನ ಬದುಕಿನ ಗಳಿಕೆ ಎಂದರೆ ಆ ಒಂದು ಮಾತು. ಹೊಲವಿಲ್ಲ, ಬಂಗಾರವಿಲ್ಲ, ಪಟ್ಟಿಯ ಮೇಲೆ ಗೀರು ಬಿದ್ದಿಲ್ಲ, ಅಷ್ಟೇ.

ಐದು ವರ್ಷದ ಹಿಂದೆ, ಆಷಾಢದಲ್ಲಿ, ಅದೇ ಅಂಗಳದಲ್ಲಿ ಕುಸಿದು ಹೋದ. ಆ ದಿನ ಪಡುವಲ ಗಾಳಿ ಹುಚ್ಚೆದ್ದು ಬೀಸುತ್ತಿತ್ತು, ಚೀಲ ಹುಮನಾಬಾದಿನ ಕಡೆಗೆ ತುಂಬಿ ನಿಂತಿತ್ತು. ಒಂಬತ್ತು ದಿನ ಕಳೆಯಿತು, ಗಾಳಿ ಬಿತ್ತು, ಚೀಲ ಜೋತು ಬಿತ್ತು. ಒಗೆದು ಹಾಕಿದ ಧೋತರದಂತೆ ಕಂಬಕ್ಕೆ ಅಂಟಿಕೊಂಡದ್ದನ್ನು ನೋಡಿ ಅಂಬುಬಾಯಿಗೆ ತಡೆಯಲಾಗಲಿಲ್ಲ. ಹೆಣ ಎತ್ತಿದಾಗ ಅಳದವಳು ಅದನ್ನು ನೋಡಿ ಗೊಳೋ ಎಂದು ಅತ್ತಳು. ಹುಮನಾಬಾದಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಮಗ ಅಜೀತನನ್ನು ಕರೆಸಿ, "ಅದು ಜೋತು ಬೀಳಬಾರದು, ಏನರ ಮಾಡು," ಎಂದು ಹಟ ಹಿಡಿದಳು. ಅಜೀತ ಕಂಬ ಹತ್ತಿ, ತಿರುಗುವ ಬಳೆಗೆ ಬೆಸುಗೆ ಹಾಕಿ, ಆರಡಿ ಸರಳನ್ನು ಮೂಡಲಕ್ಕೆ ಚಾಚಿ, ಚೀಲದೊಳಗೆ ಮೂರು ಬಿದಿರಿನ ಬಳೆ ಕೂರಿಸಿ ಸರಳಿಗೆ ಕಟ್ಟಿದ. ಅಂದಿನಿಂದ ಗಾಳಿ ಇದ್ದರೂ, ಇಲ್ಲದಿದ್ದರೂ, ಯಾವ ಕಡೆಯದಾದರೂ, ಚೀಲ ಅವನು ಸತ್ತ ದಿನ ನಿಂತಂತೆಯೇ ನಿಂತಿತು. ಅಂಬುಬಾಯಿ ಬೆಳಿಗ್ಗೆ ಎದ್ದು ಅದನ್ನು ನೋಡಿ ಸಮಾಧಾನದಿಂದ ಚಹಾ ಕುಡಿಯುತ್ತಿದ್ದಳು. ಇನ್ನು ಯಾವ ವಿಮಾನ ಬರುತ್ತದೆ ಎಂದುಕೊಂಡಿದ್ದಳು, ಪಾಪ.

ಈಗ ತಿಳಿಯಿತಲ್ಲ, ಎದೆ ಯಾಕೆ ಧಸಕ್ಕೆಂದಿತು ಎಂದು. ಅವತ್ತು ಮಧ್ಯಾಹ್ನ ಹುಡುಗಿಯನ್ನು ಆಂಬುಲೆನ್ಸಿನಲ್ಲಿ ಹುಮನಾಬಾದಿಗೆ ಒಯ್ದ ಮೇಲೆ, ಪೊಲೀಸರು ಊಟಕ್ಕೆ ಹೋದ ಹೊತ್ತಿನಲ್ಲಿ, ಅಜೀತ ಬೈಕಿನಲ್ಲಿ ಬಂದವನೇ ಕಂಬ ಹತ್ತಿ ಸರಳು ಕತ್ತರಿಸಿ ಚೀಲ ಇಳಿಸಿದ.

"ಅವ್ವ, ಬಾಯಿ ಬಿಡಬ್ಯಾಡ. ಬೆಸುಗಿ ಹಾಕಿದವ ನಾ. ಕೇಸ್ ಆದ್ರ ಅಂಗಡಿ ಮುಚ್ಚಬೇಕಾಗ್ತದ," ಅಂದ. ಅಂಬುಬಾಯಿ ಚೀಲವನ್ನು ಮಡಚಿ ಟ್ರಂಕಿನಲ್ಲಿ, ಗಂಡನ ಅಂಗಿಗಳ ಕೆಳಗೆ ಇಟ್ಟಳು.

ಎರಡು ದಿನ ಬಿಟ್ಟು ತನಿಖೆಯವರು ಬಂದರು. ದೊಡ್ಡ ಸಾಹೇಬರ ಹೆಸರು ಜಹೀರುದ್ದೀನ್. ಹೈದರಾಬಾದಿನವರು, ಐವತ್ತೈದರ ಆಸುಪಾಸು, ಮೆಲುಮಾತಿನ ಮನುಷ್ಯ. ಪಟ್ಟಿಯ ಉದ್ದ ಟೇಪು ಹಿಡಿದು ಅಳೆದರು, ಗಾಲಿಯ ಗುರುತಿನ ಫೋಟೋ ತೆಗೆದರು, ಒಡ್ಡಿನ ಮುಂದೆ ಮೊಣಕಾಲೂರಿ ಮಣ್ಣು ನೋಡಿದರು. ಊರಿನ ಅರ್ಧ ಮಂದಿ ಅವರ ಹಿಂದೆ. ಸಾಹೇಬರು ತಿಳಿಸಿ ಹೇಳಿದರು: ಎಂಜಿನ್ ಮುಗಿಲಲ್ಲಿ ಯಾಕೆ ನಿಂತಿತು ಎಂಬುದನ್ನು ಬೇರೆಯವರು ನೋಡುತ್ತಾರೆ, ಆದರೆ ನಿಂತ ಮೇಲೂ ಹುಡುಗಿಯ ಕೈಯಲ್ಲಿ ಒಂದು ಸುತ್ತು ತಿರುಗುವಷ್ಟು ಎತ್ತರ ಇತ್ತು, ಪಟ್ಟಿಯೂ ಸಾಕಷ್ಟು ಉದ್ದವಿದೆ, ಹಾಗಿದ್ದೂ ಗಾಳಿ ಬೆನ್ನಿಗೆ ಇಟ್ಟುಕೊಂಡು ಯಾಕೆ ಇಳಿದಳು, ಅದೇ ಪ್ರಶ್ನೆ.

ಬಕ್ಕಪ್ಪ ಮುಂದೆ ಬಂದ. "ಅವತ್ತ ನಾ ತೊಗರಿ ತೂರಾಕತ್ತಿದ್ನಿರಿ ಸಾಹೇಬ್ರ. ತೂರೋರಿಗಿ ಹವಾ ಗೊತ್ತಿರಲ್ಲೇನ್ರಿ? ಮೂಡಲ ಹವಾ. ಹೊಟ್ಟೆಲ್ಲ ಪಡುವಲಕ್ಕ ಹೋಗಾಕತ್ತಿತ್ತು. ಕುರಡಗೂ ಕಾಣಸ್ತಿತ್ತು."

"ಹುಡುಗ್ಯಾರ ಕೈಯಾಗ ಇಮಾನ ಕೊಟ್ರ ಮತ್ತೇನ್ ಆಗ್ತದರಿ," ಎಂದು ಹಿಂದಿನಿಂದ ಯಾರೋ ಅಂದರು. ನಾಲ್ಕು ಜನ ನಕ್ಕರು. ನಗುವವರಿಗೆ ಏನು ಹೋಗಬೇಕು, ಎತ್ತಿನ ಗಾಡಿ ನೆಟ್ಟಗೆ ಹೊಡೆಯಲು ಬಾರದವರೂ ಅವರಲ್ಲಿದ್ದರು.

ಸಾಹೇಬರು ಬರೆದುಕೊಂಡರು. ಆಮೇಲೆ ಖಾಲಿ ಕಂಬ ನೋಡಿ ಕೇಳಿದರು, "ಇದಕ್ಕ ಗಾಳಿಚೀಲ ಇರಲಿಲ್ಲೇನು? ಹುಡುಗಿ ಇತ್ತು ಅಂತ ಹೇಳಾಕತ್ಯಾಳ."

ಅಂಬುಬಾಯಿ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಎಲ್ಲರೂ ಅವಳ ಕಡೆ ನೋಡಿದರು. ಅಜೀತ ನೆಲ ನೋಡುತ್ತಿದ್ದ. "ಹಳೀದು ಸಾಹೇಬ್ರ, ಹರಿದು ಹೋಗ್ಯಾದ," ಎಂಬ ಮಾತು ಅವಳ ಬಾಯಿಂದ ತಾನಾಗಿ ಹೊರಬಿತ್ತು. ನಮ್ಮೂರವಳೆಂದು ಯಾರೂ ಅಲ್ಲಗಳೆಯಲಿಲ್ಲ, ಯಾವಾಗ ಹರಿಯಿತು ಎಂದು ಸಾಹೇಬರೂ ಕೇಳಲಿಲ್ಲ. ಅವಳನ್ನು ಒಮ್ಮೆ ನೋಡಿ, ಬಸವಕಲ್ಯಾಣದ ಪ್ರವಾಸಿ ಮಂದಿರದಲ್ಲಿ ಮೂರು ದಿನ ಇರುವುದಾಗಿಯೂ, ಯಾರಿಗಾದರೂ ಏನಾದರೂ ನೆನಪಾದರೆ ಬರಬಹುದೆಂದೂ ಹೇಳಿ ಜೀಪು ಹತ್ತಿದರು.

ಮರುದಿನ ಅಂಬುಬಾಯಿ ಬಸ್ಸು ಹತ್ತಿ ಹುಮನಾಬಾದಿನ ಆಸ್ಪತ್ರೆಗೆ ಹೋದಳು. ಹುಡುಗಿಯ ಹೆಸರು ಪೂನಂ ಎಂದು ಅಲ್ಲಿ ತಿಳಿಯಿತು. ಚಿಟಗುಪ್ಪದ ಬಟ್ಟೆ ಅಂಗಡಿಯ ಸಂಜೀವಕುಮಾರನ ಮಗಳು. ಕಾಲಿಗೆ ಪ್ಲಾಸ್ಟರು, ಹಣೆಗೆ ಪಟ್ಟಿ. ತಂದೆ ಸ್ಟೂಲಿನ ಮೇಲೆ ಕೂತು ಗೋಡೆ ನೋಡುತ್ತಿದ್ದ. ಬಂದವರೆಲ್ಲ ಅವನಿಗೆ ಬುದ್ಧಿ ಹೇಳಿ ಹೋಗಿದ್ದರು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಈ ಪಟ್ಟಿ ನಿನಗ ಹ್ಯಾಂಗ ಗೊತ್ತವ್ವ?" ಅಂಬುಬಾಯಿ ಕೇಳಿದಳು.

"ನಮ್ಮ ಅವ್ವನ ತವರು ಬಸವಕಲ್ಯಾಣ ಆಯಿ. ಸಣ್ಣಾಕಿದ್ದಾಗ ಬಸ್ಸಿನಾಗ ಹೋಗುವಾಗ ಕಿಡಕಿ ಹತ್ರ ಕೂಡ್ತಿದ್ದೆ, ಆ ಕೆಂಪು ಬಿಳಿ ಚೀಲ ನೋಡಲಾಕ. ಕಂಬದ ಕೆಳಗ ಒಬ್ರು ಮುತ್ಯಾ ನಿಂದಿರ್ತಿದ್ರು. ಬಸ್ಸಿಗೆಲ್ಲ ಕೈ ಮಾಡ್ತಿದ್ರು. ಅದೇನು ಅಂತ ನಮ್ಮ ಪಪ್ಪಾಗ ಕೇಳ್ದೆ. ಇಮಾನಕ್ಕ ಹವಾ ಹೇಳೂದು ಅಂದ್ರು. ಅವತ್ತೇ ನಾ ಪೈಲಟ್ ಆಗ್ತೀನಿ ಅಂದೀನಿ." ಅವಳು ಸ್ವಲ್ಪ ನಕ್ಕಳು, ಆಮೇಲೆ ನಗು ನಿಂತಿತು. "ಎಂಜಿನ್ ಬಂದಾದಾಗ ಬ್ಯಾರೆ ಏನೂ ನೆನಪಾಗಲಿಲ್ಲ, ಅದೇ ನೆನಪಾಯ್ತು. ಕಂಡೂಬಿಡ್ತು. ಈಗ ಎಲ್ಲಾರೂ ಚೀಲನೇ ಇರಲಿಲ್ಲ ಅನ್ನಾಕತ್ಯಾರ. ನಂದೇ ತಲಿ ಕೆಟ್ಟಿತ್ತೇನೋ. ತಲಿ ಕೆಟ್ಟಾಕಿಗಿ ಮತ್ತ ಇಮಾನ ಕೊಡೂದಿಲ್ಲ ಆಯಿ."

ಮಚ್ಚೇಂದ್ರ ಬಸ್ಸಿಗೆಲ್ಲ ಕೈ ಮಾಡುತ್ತಿದ್ದನಂತೆ. ನಲವತ್ತು ವರ್ಷ ಬಾಳುವೆ ಮಾಡಿದರೂ ಅಂಬುಬಾಯಿಗೆ ಅದು ಗೊತ್ತೇ ಇರಲಿಲ್ಲ. ಮನೆಯಲ್ಲಿ ಹೇಳಿಕೊಂಡಿರಲಿಲ್ಲ ಕಳ್ಳ. ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಹುಡುಗಿಯ ತಲೆ ಸವರಿ ಎದ್ದಳು.

ಊರಿಗೆ ಬಂದು ಬಸ್ಸಿಳಿದಾಗ ಬಕ್ಕಪ್ಪ ಹೋಟೆಲಿನ ಮುಂದೆ ಕೂತಿದ್ದ. ಅವನಿಗೆ ಬೆಸುಗೆಯ ಸಂಗತಿ ಮೊದಲಿನಿಂದ ಗೊತ್ತು. ಎಷ್ಟಾದರೂ ಪಕ್ಕದ ಹೊಲದವನು. ಅವಳ ಮುಖ ನೋಡಿಯೇ ತಿಳಿದುಕೊಂಡು ಹತ್ತಿರ ಬಂದ. ಕೆಟ್ಟ ಮನುಷ್ಯನಲ್ಲ, ಲೆಕ್ಕಾಚಾರದ ಮನುಷ್ಯ, ಅಷ್ಟೇ.

"ನೋಡ ಅಂಬುಬಾಯಿ, ಹೇಳಲೇಬೇಕು ಅಂತಿದ್ರ ಹೇಳು. ಆದ್ರ ಮಚ್ಚೇಂದ್ರ ಕಟ್ಟಿದ್ದು ಅನ್ನು. ಮುದಿತನದಾಗ ತಲಿ ತಪ್ಪಿ ಸರಳು ಹಾಕಿಸಿದ್ದ ಅನ್ನು. ಹುಡುಗಿ ಉಳೀತಾಳ, ಅಜೀತ ಉಳೀತಾನ, ನೀ ಉಳೀತಿ. ಸತ್ತಾವಗ ಯಾರ್ ಏನ್ ಮಾಡ್ತಾರ?"

ಅಜೀತನೂ ಸಂಜೆ ಫೋನಿನಲ್ಲಿ ಅದನ್ನೇ ಅಂದ. ಅಪ್ಪ ಇದ್ದಿದ್ದರೂ ಇದಕ್ಕೆ ಹೂಂ ಅನ್ನುತ್ತಿದ್ದ, ಮಗನ ಸಲುವಾಗಿ ಅನ್ನುತ್ತಿದ್ದ ಅಂದ. ಅದು ಸುಳ್ಳಲ್ಲ. ಮಚ್ಚೇಂದ್ರ ಮಗನಿಗಾಗಿ ಏನು ಬೇಕಾದರೂ ಮೈಮೇಲೆ ಹಾಕಿಕೊಳ್ಳುವವನೇ. ಎಷ್ಟು ಸಲೀಸಾದ ದಾರಿ ನೋಡಿ. ಒಂದು ಮಾತು, ಎಲ್ಲರೂ ಪಾರು. ಅಂಬುಬಾಯಿ ಅದನ್ನು ತಿರುಗಿಸಿ ಮುರುಗಿಸಿ ಯೋಚಿಸಿದಳು. ಬೆಳಿಗ್ಗೆ ಅಭ್ಯಾಸಬಲದಿಂದ ಅಂಗಳಕ್ಕೆ ಹೋಗಿ ತಲೆ ಎತ್ತಿದರೆ ಬರೀ ಕಂಬ. ಐದು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಗಾಳಿ ಯಾವ ಕಡೆಯದು ಎಂದು ಕೆನ್ನೆಯ ಮೇಲೆ ತಿಳಿಯಿತು. ಮೂಡಲ ಗಾಳಿ, ಸಣ್ಣಗೆ ಚಳಿ ಚಳಿ. ಟ್ರಂಕು ತೆಗೆದು ಚೀಲವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಹೈವೇಗೆ ನಡೆದಳು.

ಬಸವಕಲ್ಯಾಣದ ಪ್ರವಾಸಿ ಮಂದಿರದ ವರಾಂಡದಲ್ಲಿ ಜಹೀರುದ್ದೀನ್ ಸಾಹೇಬರು ಕಾಗದ ಹರಡಿಕೊಂಡು ಕೂತಿದ್ದರು. ಅವಳನ್ನು ಕಂಡು ಎದ್ದು ನಿಂತರು. "ಬರ್ರಿ ಅಮ್ಮಾ, ಕೂಡ್ರಿ," ಎಂದು ತಮ್ಮ ಎದುರಿನ ಕುರ್ಚಿ ಎಳೆದರು. ಅವಳು ಕೂರಲಿಲ್ಲ. ಗಂಟು ಬಿಚ್ಚಿ ಚೀಲವನ್ನು ಮೇಜಿನ ಮೇಲೆ ಇಟ್ಟಳು. ಬಿದಿರಿನ ಬಳೆಗಳು ಇನ್ನೂ ಒಳಗೇ ಇದ್ದವು.

ಸಾಹೇಬರು ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿದರು. ಬೆರಳಿನಿಂದ ಬಳೆ ಒತ್ತಿ ನೋಡಿದರು. ಕೇಳದೆಯೇ ಅವರಿಗೆ ಎಲ್ಲ ತಿಳಿದಿತ್ತು, ಆದರೂ ಕೇಳಬೇಕಲ್ಲ, ಬಯಾನ್, ಅಂದರೆ ಹೇಳಿಕೆ, ಬರೆಸುವುದೆಂದರೆ ಹಾಗೆ.

"ಮೊನ್ನಿ ಹರಿದು ಹೋಗ್ಯಾದ ಅಂದಿದ್ರಿ ಅಮ್ಮಾ."

"ಸುಳ್ಳು ಹೇಳೀನ್ರಿ ಸಾಹೇಬ್ರ. ತಪ್ಪಾಯ್ತು."

"ಈ ಪಟ್ಟಿ ಉಸ್ತುವಾರಿ ಹಳೇ ಕಾಗದದಾಗ ಮಚ್ಚೇಂದ್ರ ಅಂತ ಅದ. ನಿಮ್ಮ ಮನಿಯವರು. ಹಿಂಗ ಕಟ್ಟಿದ್ದು ಅವ್ರೇನು?"

ಅದೇ ಪ್ರಶ್ನೆ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೂಂ ಅಂದರೆ ಮುಗಿಯಿತು.

"ಇಲ್ಲರಿ," ಅಂದಳು. "ಅವರು ಇದ್ದಾಗ ಈ ಚೀಲ ಒಂದು ದಿನ ಸುಳ್ಳು ಹೇಳಿಲ್ಲರಿ. ಹವಾ ಇದ್ರ ಏಳೂದು, ಇಲ್ಲಾಂದ್ರ ಬೀಳೂದು. ಅವರು ಸತ್ತ ಮ್ಯಾಲ ನಾ ಹಿಂಗ ಕಟ್ಟಿಸೀನಿ. ಜೋತು ಬಿದ್ದದ್ದು ನನಗ ನೋಡಲಾಕ ಆಗಲಿಲ್ಲರಿ. ಮಗ ಬ್ಯಾಡ ಅಂತಿದ್ದ, ನಾನೇ ಅತ್ತು ಕರದು ಮಾಡಿಸೀನಿ. ಅವನ ಮ್ಯಾಲ ಏನೂ ಬರೀಬ್ಯಾಡ್ರಿ. ಹುಡುಗಿ ಬರಾಬ್ಬರಿ ನೋಡ್ಯಾಳ. ಚೀಲ ಹೇಳಿದ್ಹಂಗ ಇಳಿಸ್ಯಾಳ. ತಪ್ಪು ನಂದು."

ಅಜೀತ ಬೇಡ ಅಂದಿರಲಿಲ್ಲ. ಅದೊಂದು ಸುಳ್ಳು ಅವಳು ತಾಯಿಯಾಗಿ ಇಟ್ಟುಕೊಂಡಳು.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು, "ಅಮ್ಮಾ, ನಾವು ಸಜಾ ಕೊಡೋರಲ್ಲ. ಮತ್ತೊಂದು ಇಮಾನ ಹಿಂಗ ಆಗಬಾರದು ಅಂತ ಕಾರಣ ಹುಡುಕೋರು. ಪೊಲೀಸರು, ತಹಶೀಲ್ದಾರರು ನಿಮಗ ಕೇಳಬಹುದು, ಅದು ನನ್ನ ಕೈಯಾಗಿಲ್ಲ. ಆದ್ರ ಆ ಹುಡುಗಿ ಮ್ಯಾಲಿನ ಮಾತು ಇವತ್ತಿಗಿ ಹೋಯ್ತು. ಇಷ್ಟು ಅಂತೂ ನಾ ಹೇಳಬಲ್ಲೆ."

ಅವರು ಕನ್ನಡದಲ್ಲಿಯೇ ಬಯಾನ್ ಬರೆದರು. ಬರೆಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಓದಿ ಹೇಳತೊಡಗಿದರು, ತಪ್ಪಿದ್ದರೆ ತಿದ್ದಲು. ಅಂಬುಬಾಯಿ ಈಗ ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ತನ್ನ ಹೆಸರು ಬಂತು, ವಯಸ್ಸು ಬಂತು, ಬೆಸುಗೆ ಬಂತು, ತನ್ನ ತಪ್ಪು ಬಂತು. ಎಲ್ಲಕ್ಕೂ ಗೋಣು ಹಾಕಿದಳು. ನಡುವೆ ಸಾಹೇಬರು ಓದಿದರು: "ಸದರಿ ಪಟ್ಟಿಯಲ್ಲಿ ಚೌಕೀದಾರ ದಿವಂಗತ ಮಚ್ಚೇಂದ್ರ ಅವರು ಜೀವಂತ ಇರುವವರೆಗೆ ಗಾಳಿಚೀಲವು ಸುಸ್ಥಿತಿಯಲ್ಲಿದ್ದು, ಗಾಳಿಯ ದಿಕ್ಕನ್ನು ಸರಿಯಾಗಿ ತೋರಿಸುತ್ತಿತ್ತು."

"ನಿಂದರ್ರಿ ಸಾಹೇಬ್ರ," ಅಂದಳು ಅಂಬುಬಾಯಿ. "ಅದೊಂದು ಮಾತು ಮತ್ತೊಮ್ಮೆ ಓದ್ರಿ."

ಏನಾದರೂ ತಪ್ಪಾಯಿತೇನೋ ಎಂದು ಅವರು ಕಾಗದವನ್ನು ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ದಿವಂಗತ ಅನ್ನೂದು ತೆಗೀಲೇನು ಅಮ್ಮಾ?" ಸಾಹೇಬರು ಮೆಲ್ಲಗೆ ಕೇಳಿದರು.

"ಬ್ಯಾಡ್ರಿ. ಇರಲಿ. ಖರೇನೇ ಅದ," ಅಂದಳು. ಕಣ್ಣು ತೆರೆಯಲಿಲ್ಲ. ಆಮೇಲೆ ಸ್ವಲ್ಪ ನಾಚಿಕೆಯಿಂದ, "ಇನ್ನೊಂದು ಸಲ ಓದ್ರಿ," ಅಂದಳು.

ಸಾಹೇಬರು ಮೂರನೆಯ ಸಲ ಓದಿದರು, ಈ ಸಲ ಮೊದಲಿಗಿಂತ ದೊಡ್ಡ ದನಿಯಲ್ಲಿ, ಒಂದೊಂದೇ ಮಾತು ಬಿಡಿಸಿ. ಅಂಬುಬಾಯಿ ಪೆನ್ನು ತೆಗೆದುಕೊಂಡು ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು.